ಎರಡನೇ ನಂಬರ್ ದೋಣಿಯ ಕೆಂಪು ದಾರ

ನಾನು, ವಯಸ್ಸು ಐವತ್ತೊಂದು ವರ್ಷ, ಉದ್ಯೋಗ ಮೋಟಾರು ದೋಣಿ ನಡೆಸುವುದನ್ನು ಕಲಿಸುವುದು, ವಾಸ ಜಲಾಶಯದ ಗೇಟಿನ ಎದುರು ಬೀದಿಯಲ್ಲಿ ಮೂರನೇ ಮನೆಯ ಮಹಡಿ. ದೋಣಿ ತರಬೇತಿ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಎಲ್ಲರೂ ನನ್ನನ್ನು ಟೀಚರ್ ಎನ್ನುತ್ತಾರೆ. ಬೆನ್ನ ಹಿಂದೆ ಸೀಟಿ ಟೀಚರ್ ಎನ್ನುತ್ತಾರೆ, ಅದೂ ನನಗೆ ಗೊತ್ತಿದೆ. ನನ್ನನ್ನು ಯಾರೂ ಕರೆಸಿಲ್ಲ. ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುತ್ತಿರುವ ಸಂಗತಿ ಇದು: ನನ್ನ ತಂಗಿ ಆಸ್ಪತ್ರೆಯಲ್ಲಿ ಮಲಗಿಕೊಂಡು ಇದೇ ತಿಂಗಳ ಹದಿನಾಲ್ಕನೇ ತಾರೀಕು ಕೊಟ್ಟಿರುವ ಹೇಳಿಕೆಯಲ್ಲಿ ಒಂದು ಮಾತು ಸುಳ್ಳು. ಅದು ಸುಳ್ಳು ಎಂದು ಹೇಳಲು ಬಂದಿದ್ದೇನೆ.

ತಂಗಿಗೆ ನಲವತ್ತಾರು ವರ್ಷ. ಮನೆಯಲ್ಲಿ ಈಗಲೂ ಪುಟ್ಟಿ. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳ ವಾರ್ಡಿನಲ್ಲಿ ನರ್ಸ್. ಎಂಥ ಸಣ್ಣ ಮಗುವಿನ ಕೈಯಲ್ಲೂ ಮೊದಲ ಸಲಕ್ಕೇ ನರ ಹಿಡಿದು ಸೂಜಿ ಹಾಕುತ್ತಾಳೆ. ಡಾಕ್ಟರುಗಳೇ ಅವಳನ್ನು ಕರೆಸಿಕೊಳ್ಳುತ್ತಾರೆ. ಜಲಾಶಯದ ಆಚೆ ದಡದ ಹಳ್ಳಿಗಳಿಗೆ ಔಷಧ ಒಯ್ಯುವ ದೋಣಿಗೆ, ದೋಣಿಯನ್ನೂ ತಾನೇ ನಡೆಸಬಲ್ಲ ನರ್ಸ್ ಬೇಕೆಂದು ಆಸ್ಪತ್ರೆಯವರು ಕೇಳಿದಾಗ ಇವಳು ಕೈ ಎತ್ತಿದಳು. ದೋಣಿ ನಡೆಸುವ ಪರೀಕ್ಷೆ ಹನ್ನೆರಡನೇ ತಾರೀಕು ಶುಕ್ರವಾರ ಇತ್ತು. ನನ್ನ ಹತ್ತಿರ ಬೇಡ, ಬೇರೆಯವರ ಹತ್ತಿರ ಕಲಿ ಎಂದು ನಾನು ಹೇಳಿದೆ. ಚಿಕ್ಕವಳಿದ್ದಾಗ ಸೈಕಲ್ ಕಲಿಸುತ್ತೇನೆಂದು ಇಳಿಜಾರಿನಲ್ಲಿ ಕೈಬಿಟ್ಟು ಓಡಿಹೋದವಳು ನೀನು, ಈಗಲಾದರೂ ಒಂದನ್ನು ನೆಟ್ಟಗೆ ಕಲಿಸು ಎಂದು ಅವಳು ಹೇಳಿದಳು. ಒಪ್ಪಿಕೊಂಡೆ.

ಹನ್ನೊಂದನೇ ತಾರೀಕು ಗುರುವಾರ ಬೆಳಿಗ್ಗೆ 7 ಗಂಟೆ 5 ನಿಮಿಷಕ್ಕೆ ಇಬ್ಬರೂ ದೋಣಿ ಕಟ್ಟುವ ಕಟ್ಟೆಗೆ, ಅಂದರೆ ಜೆಟ್ಟಿಗೆ ಬಂದೆವು. ಎರಡನೇ ನಂಬರ್ ದೋಣಿ ತೆಗೆದುಕೊಂಡೆವು. ಅದು ಹದಿನೈದು ಅಡಿ ಉದ್ದದ್ದು, ಮುಂದೆ ಸ್ಟೀರಿಂಗ್, ಬಲಗಡೆ ವೇಗ ಏರಿಸಿ ಇಳಿಸುವ ಥ್ರಾಟಲ್ ಹಿಡಿ, ಹಿಂದೆ ಎಂಜಿನ್. ಎಂಜಿನ್ನಿನ ಕೆಳಗೆ ನೀರಿನೊಳಗೆ ತಿರುಗುವ ರೆಕ್ಕೆಗೆ ನಾವು ಫ್ಯಾನು ಎನ್ನುತ್ತೇವೆ. ಅದೇ ದೋಣಿಯನ್ನು ತಳ್ಳುವುದು, ಅದೇ ತಿರುಗಿಸುವುದು. ಫ್ಯಾನು ನಿಂತಿದ್ದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ದೋಣಿ ಕೇಳುವುದಿಲ್ಲ. ಕಾರು ಓಡಿಸಿ ಬಂದವರಿಗೆ ಇದು ತಲೆಗೆ ಹತ್ತುವುದೇ ಇಲ್ಲ. ಜೆಟ್ಟಿ ಹತ್ತಿರ ಬಂದ ಕೂಡಲೇ ಹೆದರಿ ಥ್ರಾಟಲ್ ಮುಚ್ಚುತ್ತಾರೆ, ಆಮೇಲೆ ಸ್ಟೀರಿಂಗ್ ಹಿಡಿದು ದೇವರೇ ಎನ್ನುತ್ತಾರೆ. ತಂಗಿ ಕೂಡ ಮೊದಲೆರಡು ಸಲ ಜೆಟ್ಟಿಗೆ ತೂಗುಹಾಕಿದ ಟೈರುಗಳಿಗೆ ಗುದ್ದಿದಳು. ಮೊದಲು ಸ್ಟೀರಿಂಗ್ ತಿರುಗಿಸು, ಆಮೇಲೆ ಥ್ರಾಟಲ್ ಒಂದು ಚೂರು ಕೊಡು, ಕೂಡಲೇ ನ್ಯೂಟ್ರಲ್ಲಿಗೆ ತಾ, ದೋಣಿ ಏನು ಮಾಡುತ್ತದೆ ನೋಡು, ಮತ್ತೆ ಒಂದು ಚೂರು ಕೊಡು ಎಂದು ಹೇಳಿಕೊಟ್ಟೆ. ಯಾವ ವೇಗದಲ್ಲಿ ಗುದ್ದಿದರೂ ಪರವಾಗಿಲ್ಲ ಅನಿಸುತ್ತದೋ ಅಷ್ಟೇ ವೇಗದಲ್ಲಿ ಜೆಟ್ಟಿಗೆ ಬರಬೇಕು ಎಂದೂ ಹೇಳಿದೆ. ಔಷಧದ ಡೋಸ್ ಇದ್ದ ಹಾಗೆ ಅನ್ನು, ಅಷ್ಟು ಹೇಳಿದ್ದರೆ ಆವಾಗಲೇ ತಿಳೀತಿತ್ತು ಎಂದಳು. 8 ಗಂಟೆ 40 ನಿಮಿಷದ ಹೊತ್ತಿಗೆ ಸತತ ಆರು ಸಲ ಟೈರಿಗೆ ತಾಗದಂತೆ ದೋಣಿ ತಂದು ನಿಲ್ಲಿಸಿದಳು. ನನಗೆ ಬಹಳ ಹೆಮ್ಮೆಯಾಯಿತು. ಅವಳಿಗೆ ಅದನ್ನು ಹೇಳಲಿಲ್ಲ.

ಇನ್ನು ಮುಖ್ಯ ವಿಷಯ. ದೋಣಿ ನಡೆಸುವವರು ಒಂದು ಕೆಂಪು ಸುರುಳಿ ದಾರವನ್ನು ಮುಂಗೈಗೆ ಹಾಕಿಕೊಳ್ಳಬೇಕು. ದಾರದ ಇನ್ನೊಂದು ತುದಿಯಲ್ಲಿ ಬೆರಳುದ್ದದ ಕ್ಲಿಪ್ಪು ಇರುತ್ತದೆ, ಅದನ್ನು ಥ್ರಾಟಲ್ ಪಕ್ಕದ ಸ್ವಿಚ್ಚಿಗೆ ಸಿಕ್ಕಿಸಬೇಕು. ನಡೆಸುವವರು ನೀರಿಗೆ ಬಿದ್ದರೆ ದಾರ ಎಳೆದು ಕ್ಲಿಪ್ಪು ಕಿತ್ತು ಬರುತ್ತದೆ, ಎಂಜಿನ್ ಆ ಕ್ಷಣವೇ ನಿಲ್ಲುತ್ತದೆ. ಪಾಠದ ಹೊತ್ತಿನಲ್ಲಿ ದಾರ ಕಲಿಸುವವರ ಮುಂಗೈಯಲ್ಲಿರುತ್ತದೆ, ಕಲಿಯುವವರು ಗಾಬರಿಯಾದರೆ ನಾವು ಎಂಜಿನ್ ನಿಲ್ಲಿಸಲು ಆಗಲಿ ಎಂದು. ಅವರು ಒಬ್ಬರೇ ಹೋಗುವಾಗ ದಾರ ಬಿಚ್ಚಿ ಅವರಿಗೆ ಕೊಡಬೇಕು. ಬಿಚ್ಚಿದರೆ ಎಂಜಿನ್ ನಿಲ್ಲುತ್ತದೆ. ಎರಡನೇ ನಂಬರ್ ಎಂಜಿನ್ ಬಿಸಿಯಿದ್ದಾಗ ನಿಂತರೆ ಮತ್ತೆ ಶುರುವಾಗಲು ಹತ್ತು ನಿಮಿಷ ಸತಾಯಿಸುತ್ತದೆ. ಆದ್ದರಿಂದ ನಮ್ಮ ಕೇಂದ್ರದಲ್ಲಿ ಕಲಿಸುವ ನಾಲ್ಕು ಜನರ ಜೇಬಿನಲ್ಲೂ ಒಂದೊಂದು ಮೋಟು ಕ್ಲಿಪ್ಪು ಇರುತ್ತದೆ, ಅಂದರೆ ದಾರ ಕತ್ತರಿಸಿದ ಹಳೆಯ ಕ್ಲಿಪ್ಪು. ಅದನ್ನು ಸ್ವಿಚ್ಚಿಗೆ ತೂರಿಸಿ ದಾರದ ಕ್ಲಿಪ್ಪು ತೆಗೆದರೆ ಎಂಜಿನ್ ನಿಲ್ಲುವುದಿಲ್ಲ. ದಾರವನ್ನು ಕಲಿಯುವವರ ಕೈಗೆ ಹಾಕಿ, ಅವರ ಕ್ಲಿಪ್ಪು ಸಿಕ್ಕಿಸಿ, ಮೋಟನ್ನು ವಾಪಸು ಜೇಬಿಗೆ ಹಾಕಿಕೊಳ್ಳುವುದು ರೂಢಿ. ಇದನ್ನು ಶುರುಮಾಡಿದವಳು ನಾನೇ, ಹನ್ನೆರಡು ವರ್ಷದ ಹಿಂದೆ. ಉಳಿದ ಮೂವರಿಗೆ ಹೇಳಿಕೊಟ್ಟವಳೂ ನಾನೇ.

8 ಗಂಟೆ 45 ನಿಮಿಷಕ್ಕೆ ನಾನು ಮೋಟು ಕ್ಲಿಪ್ಪು ತೂರಿಸಿ, ನನ್ನ ಕ್ಲಿಪ್ಪು ಎಳೆದು, ಜೆಟ್ಟಿಗೆ ಇಳಿದೆ. ಅಷ್ಟರಲ್ಲಿ ತಂಗಿ ತಲೆಯ ಮೇಲೆ ಟೋಪಿ ಸರಿಮಾಡಿಕೊಳ್ಳುತ್ತಾ, ಅಕ್ಕಾ, ಸೈಕಲ್ಲಿನ ಹಾಗೆ ಓಡಿಹೋಗಬೇಡ, ಇಲ್ಲೇ ನಿಂತಿರು ಎಂದಳು. ನನಗೆ ನಗು ಬಂತು. ಹೋಗೇ ಹೋಗು ಎಂದು ದೋಣಿಯನ್ನು ಕಾಲಿನಿಂದ ತಳ್ಳಿದೆ. ದಾರ ಕೊಡಲಿಲ್ಲ.

ಅವಳು 140 ಮೀಟರ್ ದೂರದ ಕಿತ್ತಳೆ ಬಣ್ಣದ ತೇಲುಗುಂಡಿನ ತನಕ ಹೋಗಿ, ಸುತ್ತಿ ಬರಬೇಕಿತ್ತು. ಎರಡು ಸಲ ಚೆನ್ನಾಗಿ ಹೋಗಿ ಬಂದಳು. ಮೂರನೇ ಸಲ, 8 ಗಂಟೆ 52 ನಿಮಿಷಕ್ಕೆ, ತೇಲುಗುಂಡಿನ ಹತ್ತಿರ ಎದುರಿಗೆ ಮರದ ಕೊಂಬೆಯೊಂದು ತೇಲಿಬಂತು. ಅವಳು ಮೊದಲು ಥ್ರಾಟಲ್ ಅರ್ಧಕ್ಕೆ ಇಳಿಸಿದಳು, ಆಮೇಲೆ ಎಡಕ್ಕೆ ತಿರುಗಿಸಿದಳು. ಜೆಟ್ಟಿಯ ಹತ್ತಿರ ಬೇರೆ, ವೇಗದಲ್ಲಿ ಹೋಗುವಾಗ ಇದೇ ಸರಿಯಾದ ಕ್ರಮ. ಇದನ್ನು ಹೀಗೆಯೇ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಆದರೆ ಹಿಂದಿನ ಸುತ್ತಿನಲ್ಲಿ ಅವಳದೇ ದೋಣಿ ಎಬ್ಬಿಸಿದ್ದ ಅಲೆ ಪಕ್ಕದಿಂದ ಬಡಿಯಿತು, ದೋಣಿ ಒಮ್ಮೆ ಎಗರಿತು, ಅವಳು ಬಲಗಡೆಯಿಂದ ನೀರಿಗೆ ಬಿದ್ದಳು. ಎಂಜಿನ್ ನಿಲ್ಲಲಿಲ್ಲ.

ಕೈಬಿಟ್ಟ ಸ್ಟೀರಿಂಗ್ ತಾನಾಗಿಯೇ ಬಲಕ್ಕೆ ಎಳೆದುಕೊಳ್ಳುತ್ತದೆ. ದೋಣಿ ಸುಮಾರು ಮೂವತ್ತು ಮೀಟರ್ ಅಗಲಕ್ಕೆ ಸುತ್ತತೊಡಗಿತು. ಒಂದು ಸುತ್ತಿಗೆ ಇಪ್ಪತ್ತೆರಡು ಸೆಕೆಂಡು ಹಿಡಿಯುತ್ತಿತ್ತು, ಆಗ ಗಡಿಯಾರ ನೋಡಿದ್ದರಿಂದ ಹೇಳುತ್ತಿದ್ದೇನೆ. ಮೊದಲ ಸುತ್ತು ಅವಳಿಂದ ಹತ್ತು ಮೀಟರ್ ಆಚೆ ಹೋಯಿತು. ಗಾಳಿ ದೋಣಿಯನ್ನು ಸುತ್ತು ಸುತ್ತಿಗೂ ಅವಳ ಕಡೆಗೇ ಸರಿಸುತ್ತಿತ್ತು. ಅವಳು ಈಜಲು ನೋಡಿದಳು, ಲೈಫ್ ಜಾಕೆಟ್ ಹಾಕಿಕೊಂಡು ಬೇಗ ಈಜಲು ಆಗುವುದಿಲ್ಲ. ಬಿಚ್ಚಿದ್ದರೆ ಮುಳುಗಿ ತಪ್ಪಿಸಿಕೊಳ್ಳಬಹುದಿತ್ತು. ನೀರಿನಲ್ಲಿ ಏನೇ ಆದರೂ ಜಾಕೆಟ್ ಬಿಚ್ಚಬೇಡ ಎಂದು ಆ ದಿನ ಬೆಳಿಗ್ಗೆ ಮೂರು ಸಲ ಹೇಳಿದ್ದವಳು ನಾನು. ಬಿಚ್ಚು ಎಂದು ಕೂಗಿದೆ. ಎಂಜಿನ್ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ.

ನಾನು ಸೀಟಿ ಊದಿದೆ. ಒಂದು ಉದ್ದ ಸೀಟಿ ಎಂದರೆ ಥ್ರಾಟಲ್ ಇಳಿಸು ಎಂದು ಅರ್ಥ. ಥ್ರಾಟಲ್ ಹತ್ತಿರ ಯಾರೂ ಇರಲಿಲ್ಲ. ಆದರೂ ಊದಿದೆ, ಊದುತ್ತಲೇ ಇದ್ದೆ. ಸೀಟಿ ಕೇಳಿಸಿದರೆ ಕಲಿಯುವವರು ಬಲಗೈ ಎತ್ತಿ ತೋರಿಸಬೇಕೆಂಬುದು ನಮ್ಮ ನಿಯಮ. ತಂಗಿ ನೀರಿನಿಂದ ಬಲಗೈ ಎತ್ತಿ ತೋರಿಸಿದಳು.

ಒಂದನೇ ನಂಬರ್ ದೋಣಿಯ ಫ್ಯಾನನ್ನು ಮೆಕ್ಯಾನಿಕ್ ಬಿಚ್ಚಿ ಪೇಪರ್ ಮೇಲೆ ಹರಡಿಕೊಂಡು ಕೂತಿದ್ದ. ಅವನನ್ನು ಗ್ರೀಸಣ್ಣ ಎನ್ನುತ್ತೇವೆ. ಮೂರನೇ ನಂಬರ್ ದೋಣಿಯಲ್ಲಿ ಮ್ಯಾನೇಜರು ಆಚೆ ದಡಕ್ಕೆ ಹೋಗಿದ್ದರು. ಉಳಿದಿದ್ದು ಹುಟ್ಟು ಹಾಕುವ ದೋಣಿ ಒಂದೇ. ಅದರ ಹುಟ್ಟುಗಳು ಸ್ಟೋರಿನೊಳಗೆ, ಸ್ಟೋರಿಗೆ ಬೀಗ, ಬೀಗದ ಕೈ ಮ್ಯಾನೇಜರ ಜೇಬಿನಲ್ಲಿ. ಗ್ರೀಸಣ್ಣ ಸ್ಪ್ಯಾನರಿನಿಂದ ಬೀಗ ಒಡೆದ. ಅದಕ್ಕೆ ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷ ನಾನು ಜೆಟ್ಟಿಯ ಮೇಲೆ ನಿಂತು ಸುತ್ತು ಎಣಿಸಿದೆ. ಬೇರೇನೂ ಮಾಡಲು ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಜನರಿಗೆ ಕಲಿಸಿದ್ದೇನೋ ಲೆಕ್ಕವಿಲ್ಲ, ನನ್ನಂಥ ದಂಡಪಿಂಡ ಆ ಹೊತ್ತಿನಲ್ಲಿ ಇನ್ನೊಬ್ಬರಿರಲಿಲ್ಲ.

ಗ್ರೀಸಣ್ಣ ಹುಟ್ಟನ್ನು ನನ್ನ ಕೈಗೆ ಕೊಟ್ಟಾಗ ಅದು ಏನಕ್ಕೋ ಸಿಕ್ಕಿಕೊಂಡಿತು. ನೋಡಿದರೆ ಕೆಂಪು ದಾರ ನನ್ನ ಮುಂಗೈಯಲ್ಲೇ ಇತ್ತು. ಅವನು ಅದನ್ನು ನೋಡಿದ, ನನ್ನ ಮುಖ ನೋಡಿದ. ಟೀಚರ್, ಮೊದಲು ದೋಣಿ ಹತ್ತಿ ಎಂದ.

ನಾವು ನೀರಿನ ಮೇಲೆ ಇದ್ದಾಗ, ಹದಿನಾರನೇ ಸುತ್ತಿನಲ್ಲಿ, ದೋಣಿ ನೇರ ಅವಳ ಮೇಲೆ ಬಂತು. ಅವಳು ಬಲಗೈ ಚಾಚಿ ದೋಣಿಯ ಪಕ್ಕವನ್ನು ತಳ್ಳಿದಳು. ತಳ್ಳಿದ್ದರಿಂದ ಅವಳ ದೇಹ ಉಳಿಯಿತು. ಕೈ ಹಿಂದಕ್ಕೆ ಜಾರಿ ಫ್ಯಾನಿಗೆ ಸಿಕ್ಕಿತು. ಅವಳು ಕೂಗಿದ್ದು ನನಗೆ ಕೇಳಿಸಿತು. ಎಂಜಿನ್ ಸದ್ದಿನಲ್ಲೂ ಕೇಳಿಸಿತು.

ಗ್ರೀಸಣ್ಣ ಹುಟ್ಟು ಹಾಕಿದ. ನಾನು ಉದ್ದ ಹಗ್ಗವನ್ನು ದೋಣಿ ಸುತ್ತುವ ದಾರಿಗೆ ಎಸೆದೆ. ಎರಡು ಸಲ ತಪ್ಪಿತು. ಮೂರನೇ ಸಲ ಹಗ್ಗ ಫ್ಯಾನಿಗೆ ಸುತ್ತಿಕೊಂಡು, 9 ಗಂಟೆ 1 ನಿಮಿಷಕ್ಕೆ ಎಂಜಿನ್ ನಿಂತಿತು. ತಂಗಿಯನ್ನು ಮೇಲಕ್ಕೆ ಎಳೆದುಕೊಂಡೆವು. ಅವಳು ತನ್ನ ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು, ಎಲ್ಲಿ ಎಷ್ಟು ಬಿಗಿಯಾಗಿ ಕಟ್ಟಬೇಕೆಂದು ನಮಗೆ ಅವಳೇ ಹೇಳಿದಳು. ನಾನು ಹಾಕಿದ ಗಂಟು ಸಡಿಲವಾಯಿತೆಂದು ಬೈದಳು. ಎರಡನೇ ನಂಬರ್ ದೋಣಿಯ ಸ್ವಿಚ್ಚಿನಲ್ಲಿ ಮೋಟು ಕ್ಲಿಪ್ಪು ಇನ್ನೂ ಇತ್ತು. ನಾನು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಯಾಕೆ ಹಾಕಿಕೊಂಡೆ ಎಂದು ಕೇಳಿದರೆ, ಹೆದರಿಕೆಯಿಂದ.

ಅವಳ ಬಲಗೈಯ ಮೂರು ಬೆರಳು ಉಳಿಯಲಿಲ್ಲ. ಹೆಬ್ಬೆರಳು ಇದೆ, ಮಡಚಲು ಬರುವುದಿಲ್ಲ.

ಹದಿನಾಲ್ಕನೇ ತಾರೀಕು ಭಾನುವಾರ ಸಂಜೆ ಆಸ್ಪತ್ರೆಗೆ ಹೋದಾಗ, ಪೊಲೀಸರು ಬಂದು ಹೋದರು ಎಂದು ತಂಗಿ ಹೇಳಿದಳು. ಅಕ್ಕ ದಾರ ಕೊಟ್ಟಿದ್ದಳು, ಹಾಕಿಕೊಳ್ಳಲು ನಾನೇ ಮರೆತೆ ಎಂದು ಬರೆಸಿದ್ದೇನೆ ಎಂದಳು. ಅವಳು ಆಡಿದ ಮಾತನ್ನು ಇದ್ದ ಹಾಗೆಯೇ ಬರೆಯಿರಿ ಎಂದು ಕೇಳಿದ್ದೇನೆ. "ನಂದು ಹೇಗೂ ಆಗೋಯ್ತು ಕಣೇ ಅಕ್ಕ. ನಿನ್ನ ಕೆಲಸಾನೂ ಯಾಕೆ ಹಾಳು ಮಾಡ್ಕೋತೀಯ? ನೀನು ಸುಮ್ನೆ ಬಾಯ್ಮುಚ್ಕೊಂಡಿರು, ಒಂದೇ ಒಂದ್ಸಲ ನನ್ನ ಮಾತು ಕೇಳು." ಎಡಗೈಯಲ್ಲಿ ಚಮಚ ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದಳು, ಅದನ್ನೇ ನೋಡುತ್ತಾ ಕೂತೆ. ಎರಡು ದಿನ ಅವಳ ಮಾತು ಕೇಳಿದೆ. ತಂಗಿಯೇ ಒಪ್ಪಿಕೊಂಡ ಮೇಲೆ ನಿಮಗೇಕೆ ಊರ ಉಸಾಬರಿ ಎಂದು ಮ್ಯಾನೇಜರೂ ಹೇಳಿದರು.

ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ತಂಗಿಗೆ ಕಾಗದ ಬಂದಿದೆ. ಸುರಕ್ಷತೆಯ ವಿಷಯದಲ್ಲಿ ಅಜಾಗರೂಕತೆ ತೋರಿದ್ದಾಗಿ ಸ್ವತಃ ಒಪ್ಪಿಕೊಂಡಿರುವುದರಿಂದ ವಾರ್ಡಿನ ಬೇರೆ ಯಾವ ಕೆಲಸಕ್ಕೂ ಪರಿಗಣಿಸಲಾಗದು ಎಂದು ಅದರಲ್ಲಿದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಒಂದು ಮಾತ್ರೆಯನ್ನೂ ತಪ್ಪಿ ಕೊಡದವಳಿಗೆ ಈ ಕಾಗದ. ಅದಕ್ಕೇ ಬಂದೆ. ಬೆರಳನ್ನು ನಾನು ವಾಪಸು ತಂದುಕೊಡಲಾರೆ. ಈ ಮಾತೊಂದನ್ನು ವಾಪಸು ತರಬಲ್ಲೆ.

ಮೋಟು ಕ್ಲಿಪ್ಪು ಒಂದು, ಕೆಂಪು ಸುರುಳಿ ದಾರ ಒಂದು, ಇವನ್ನು ಠಾಣೆಯ ಮೇಜಿನ ಮೇಲೆ ಇಟ್ಟಿದ್ದೇನೆ. ಬಹಳ ಬೇಡಿದ ಮೇಲೆ ತಂಗಿಯ ಹೇಳಿಕೆಯನ್ನು ನನಗೆ ತೋರಿಸಿದರು. ಅದರ ಕೊನೆಯಲ್ಲಿ ಸಹಿ ಇಲ್ಲ. ಅವಳ ಅಕ್ಷರ ಮುತ್ತಿನ ಹಾಗಿತ್ತು. ಅಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು ಇದೆ.

ಮೇಲೆ ಬರೆದಿದ್ದನ್ನು ನನಗೆ ಓದಿ ಹೇಳಿದರು, ನಾನು ಹೇಳಿದ ಹಾಗೆಯೇ ಇದೆ, ಒಂದಕ್ಷರವೂ ಸುಳ್ಳಿಲ್ಲ. ಯಾರ ಒತ್ತಾಯವೂ ಇಲ್ಲ. ಒತ್ತಾಯ ಇದ್ದಿದ್ದು ಸುಮ್ಮನಿರು ಎಂದು. ನನ್ನ ಬಲಗೈಯಿಂದ ನಾನೇ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಇದೇ ತಿಂಗಳ ಹದಿನಾರು, ಮಂಗಳವಾರ, ಮಧ್ಯಾಹ್ನ 12 ಗಂಟೆ 20 ನಿಮಿಷ
ಸಹಿ: (ಗಾಯಾಳುವಿನ ಅಕ್ಕ)