ಒಂದು ತಿಂಗಳ ರಜೆಯ ಸಂಸಾರ

ಅಧ್ಯಕ್ಷತೆ ವಹಿಸಿರುವ ಸುಭಾಷಿಣಿ ಟೀಚರೇ, ಮಣಿಪಾಲದಿಂದ ಬಂದಿರುವ ಮೇಧಾ ಡಾಕ್ಟರೇ, ನಮ್ಮ ಕಾಪುವಿನ ಮಹಿಳಾ ಆರೋಗ್ಯ ಕೇಂದ್ರದ ವಾರ್ಷಿಕೋತ್ಸವಕ್ಕೆ ಸೇರಿರುವ ಸಭಿಕರೇ,

ನಾನು ಐಸಮ್ಮ. ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಸಭೆಯಲ್ಲಿ ಮಾತನಾಡುವುದು ಗಿರಾಕಿಯ ಹತ್ತಿರ ಮಾತನಾಡುವುದಕ್ಕಿಂತ ಸುಲಭ. ಊಟ ಬಡಿಸುವವರೆಗೆ ನೀವು ಎದ್ದು ಹೋಗುವ ಹಾಗಿಲ್ಲ.

‘ತಾಯ್ತನ ಬಯಸುವ ಹೆಣ್ಣಿಗೆ ಮನೆಯವರ ಬೆಂಬಲ’ ಎಂಬ ವಿಷಯ ಕೊಟ್ಟಿದ್ದಾರೆ. ಬೆಂಬಲ ಎಂದರೆ ಏನು? ನಾನು ಕೊಟ್ಟದ್ದನ್ನೇ ಹೇಳುತ್ತೇನೆ. ನನ್ನ ಮಗ ರಮೀಝ್ ಪರದೇಶದಲ್ಲಿ, ದಮ್ಮಾಮಿನಲ್ಲಿ ಕೆಲಸಕ್ಕೆ, ಸೊಸೆ ರಿಝ್ವಾನಾ ನನ್ನ ಜೊತೆ ಅಂಗಡಿಯಲ್ಲಿ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಲಿಲ್ಲ. ಬಾದಾಮಿ ಕೊಟ್ಟೆ, ಖರ್ಜೂರ ಕೊಟ್ಟೆ, ಕಾರ್ಕಳದಿಂದ ಕಷಾಯ ತರಿಸಿ ಕೊಟ್ಟೆ. ಮದುವೆ ಮನೆಗಳಲ್ಲಿ “ಎಂತ, ವಿಶೇಷ ಇಲ್ವಾ?” ಎಂದು ಅವಳನ್ನು ಕೇಳಿದವರಿಗೆಲ್ಲ ಉತ್ತರವನ್ನೂ ನಾನೇ ಕೊಟ್ಟೆ. ಕೊನೆಗೆ ಅವಳು ಮದುವೆಗಳಿಗೆ ಬರುವುದನ್ನೇ ಬಿಟ್ಟಳು. ಅಂಗಡಿಗೆ ಒಳ್ಳೆಯದೇ ಆಯಿತು. ನಾನು ಮದುವೆಗೆ ಹೋದ ದಿನವೂ ಶಟರ್ ಕೆಳಗೆ ಎಳೆಯಬೇಕಾಗಲಿಲ್ಲ.

ಮಗ ರಜೆಗೆ ಬಂದಿದ್ದಾಗ ಮೇಧಾ ಡಾಕ್ಟರು ಗಂಡ-ಹೆಂಡತಿ ಇಬ್ಬರನ್ನೂ ಪರೀಕ್ಷೆ ಮಾಡಿಸಿದರು. ಇಬ್ಬರಲ್ಲೂ ತೊಂದರೆ ಕಾಣಲಿಲ್ಲ. ಅವನು ಹೋದ ಮೇಲೆ ಅವಳ ನಿದ್ರೆ ಕೇಳಿದರು, ಮನಸ್ಸು ಕೇಳಿದರು, ಊಟದ ಹೊತ್ತು ಕೇಳಿದರು. “ಗಿರಾಕಿ ಕಡಿಮೆಯಾದಾಗ” ಎಂದಳು ರಿಝ್ವಾನಾ. ಡಾಕ್ಟರು ನನ್ನ ಕಡೆ ತಿರುಗಿದರು.

“ಮಗ ಊರಿಗೆ ಬರುವುದು ಯಾವಾಗ?”

“ವರ್ಷಕ್ಕೊಂದು ತಿಂಗಳು ಡಾಕ್ಟ್ರೇ. ಅದರಲ್ಲಿ ಅರ್ಧ ನೆಂಟರ ಮನೆಗೆ ಹೋಗ್ಲಿಕ್ಕೆ ಉಂಟಲ್ಲ.”

“ಐಸಮ್ಮ, ವರ್ಷಕ್ಕೊಂದು ತಿಂಗಳು ಬಾಗಿಲು ತೆಗೆದು, ವ್ಯಾಪಾರ ಇಲ್ಲ ಅಂತ ಅಂಗಡಿಯನ್ನೇ ಬೈತೀರಾ?”

ರಿಝ್ವಾನಾ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ಲೆಕ್ಕದಲ್ಲಿ ನನಗೆ ಮೋಸ ಮಾಡಿದ ಗಿರಾಕಿ ಈ ಪೇಟೆಯಲ್ಲಿಲ್ಲ. ಆದರೆ ನಾಲ್ಕು ತಿಂಗಳ ಸಂಸಾರವನ್ನು ನಾಲ್ಕು ವರ್ಷ ಎಂದು ಊರಿಡೀ ಹೇಳಿದವಳು ಯಾರು?

“ಮಗುವಿನ ಮಾತು ಆಮೇಲೆ. ಮೊದಲು ಅವರಿಬ್ಬರು ಒಟ್ಟಿಗೆ ಇರಲಿ” ಎಂದರು ಡಾಕ್ಟರು. ರಮೀಝ್ ವೀಸಾ ಮಾಡಿಸಿದ. ಕಳುಹಿಸುವುದಿಲ್ಲ ಎಂದು ನಾನು ಹೇಳಿದೆನೇ? ಇಲ್ಲ. ರಂಝಾನ್ ವ್ಯಾಪಾರ ಮುಗಿಯಲಿ ಎಂದೆ. ಮದುವೆ ಸೀಸನ್ ಮುಗಿಯಲಿ ಎಂದೆ. ಈಗ ಶಾಲೆ ಯೂನಿಫಾರ್ಮಿನ ಸೀಸನ್. ವೀಸಾದ ಅವಧಿ ಈ ತಿಂಗಳಿಗೆ ಮುಗಿಯುತ್ತದಂತೆ, ಆದರೂ... ಹಾಗೆ ನೋಡಬೇಡಿ ಡಾಕ್ಟ್ರೇ. ಸೀರೆಯನ್ನು ಒಮ್ಮೆ ನೋಡಿ ಅದರ ಬಣ್ಣದ ರವಿಕೆ ಬಟ್ಟೆ ಎಳೆದು ಕೊಡುವ ಹುಡುಗಿ ನನಗೆ ಬೇರೆ ಸಿಗುತ್ತಾಳಾ?

ಇರಲಿ. ಬೆಂಬಲದ ಮಾತು ಅಲ್ಲವೇ ನಡೆಯುತ್ತಿದ್ದದ್ದು?

ರಿಝ್ವಾನಾ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಬೇಡ. ಅಂಗಡಿಯ ಕೀ ನಿನ್ನ ಬ್ಯಾಗಿನಲ್ಲಿ ಉಂಟು. ಇಲ್ಲಿಗೆ ತಾ. ಮನೆಯಲ್ಲಿ ಹೇಳಿದರೆ ಬೆಳಗಾಗುವಾಗ ನಾನು ಮಾತು ಬದಲಿಸಿಯೇನು. ಮೈಕಿನಲ್ಲಿ ಹೇಳಿದ್ದನ್ನು ಬದಲಿಸಿದರೆ ಇವರು ಯಾರೂ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ನಾಳೆಯಿಂದ ಶಟರ್ ನಾನೇ ಎತ್ತುತ್ತೇನೆ. ನೀನು ಪೆಟ್ಟಿಗೆ ಕಟ್ಟು.

ಸಭಿಕರೇ, ಇನ್ನು ನನ್ನನ್ನು ಕಂಡಾಗ “ವಿಶೇಷ ಎಂತ?” ಎಂದು ಕೇಳಬೇಡಿ. “ಸೊಸೆ ಸೌಖ್ಯವಾ?” ಎಂದು ಕೇಳಿ, ಸಾಕು.

ಹಾಂ, ಕೀ ಕೈಗೆ ಬಂತು. ಇಷ್ಟು ಹೊತ್ತು ಕುಳಿತು ಕೇಳಿದ್ದಕ್ಕೆ ಉಪಕಾರ. ಇನ್ನು ನೀವು ಊಟಕ್ಕೆ ಏಳಬಹುದು. ನಮಸ್ಕಾರ.