ಹೈ-ಹ್ಯಾಟ್ ಕಲಿತ ವಧುವಿನ ಅಪ್ಪ

ಒಂದು ಪಟ್ಟಣದಲ್ಲಿ ಟೈಲ್ಸ್ ಅಂಗಡಿ ಇಟ್ಟು ದುಡ್ಡು ಮಾಡಿದ ಶ್ರೀಮಂತನೊಬ್ಬನಿದ್ದ. ತನ್ನ ಚರ್ಚಿನ ಸಭೆಗೆ ಹೊಸ ಡ್ರಮ್ ಸೆಟ್ ಕೊಡಿಸಿದ. ಒಳ್ಳೆಯದೇ. ಆದರೆ ನೋಡಿ, ಕೊಡಿಸಿದವನು ಸುಮ್ಮನಿರುತ್ತಾನೆಯೇ? "ಮಗಳ ಮದುವೇಲಿ ನಾನೇ ಬಾರಿಸೋದು" ಎಂದ. ಬೇಡ ಅನ್ನುವ ಧೈರ್ಯ ಯಾರಿಗಿದೆ ಹೇಳಿ!

ಗಾಯನ ತಂಡದ ಮೇಷ್ಟ್ರು ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಎಡಗಡೆಯ ಜೋಡಿ ತಟ್ಟೆ ತೋರಿಸಿದರು.

"ಅಣ್ಣಾವ್ರೇ, ಇದು ಹೈ-ಹ್ಯಾಟು. ಎಡಗಾಲಲ್ಲಿ ಪೆಡಲ್ ಒತ್ತಿ ಹಿಡೀರಿ, ತಟ್ಟೆ ಮುಚ್ಕೊಳ್ಳುತ್ತೆ. ಮೇಲೆ ಕಡ್ಡೀಲಿ ಮೆಲ್ಲಗೆ ತಟ್ಟಿ. ಚಿಕ್, ಚಿಕ್, ಚಿಕ್, ಚಿಕ್."

"ಇಷ್ಟೇನಾ? ಲೊಚಗುಟ್ಟೋಕೆ ನಮ್ಮನೇಲಿ ಹಲ್ಲಿ ಇದೆ ಕಣ್ರೀ!"

ಕಾಲೆತ್ತಿದ. ತಟ್ಟೆಗಳು ಬಾಯಿ ಬಿಟ್ಟವು. ಝಂಯ್! ಆಹಾ, ಅವನ ಮುಖ ನೋಡಬೇಕಿತ್ತು!

"ಅದೂ ಬೇಕು, ಆದ್ರೆ ತಕ್ಷಣ ಮುಚ್ಚಬೇಕು. ಕೈ ಎಲ್ರಿಗೂ ಕಾಣುತ್ತೆ, ಕೆಲಸ ಇರೋದು ಕಾಲಲ್ಲಿ" ಎಂದರು ಮೇಷ್ಟ್ರು. ಕೇಳಿದನೇ? ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಮಗಳು ಬೇಡಿಕೊಂಡಳು. "ಅಪ್ಪಾ, ನಾನು ಒಪ್ಪಿಗೆ ಹೇಳೋದು ಅತ್ತೆ ಮನೆಯವ್ರಿಗೆ ಕೇಳಿಸ್ಬೇಕು. ಆಗಲಾದ್ರೂ ಸುಮ್ನಿರಿ."

"ಹಿಂದೆ ಚಿಕ್ ಚಿಕ್ ಅಂತಿದ್ರೆ ಒಂದು ಗತ್ತು ಕಣಮ್ಮ!"

ಮದುವೆ ದಿನ ಬಂತು. ಚಿಕ್ ಚಿಕ್ ನಡೆಯುತ್ತಿತ್ತು. ಒಪ್ಪಿಗೆಯ ಹೊತ್ತಿಗೆ ಸಭಾಪಾಲಕರು "ಎಲ್ಲರೂ ಎದ್ದು ನಿಲ್ಲಿ" ಎಂದರು. ನಮ್ಮ ಪದ್ಧತಿ ಗೊತ್ತಲ್ಲ? ಬೀಗರೆಲ್ಲ ಎದ್ದು ನಿಂತಾಗ ಹೆಣ್ಣಿನ ತಂದೆ ಕೂತಿರುವುದುಂಟೇ? ಅವನೂ ಎದ್ದ. ಕಾಲು ಪೆಡಲ್ ಬಿಟ್ಟಿತು, ಕೈ ಮಾತ್ರ ಬಾರಿಸುತ್ತಲೇ ಇತ್ತು.

"ಈತನನ್ನು ಗಂಡನಾಗಿ ಸ್ವೀಕರಿಸುತ್ತೀಯಾ?"

ಮಗಳು ಬಾಯಿ ತೆರೆದಳು. ಝಂಯ್! ಪಾಪ, ಸಭಾಪಾಲಕರು ಮತ್ತೆ ಕೇಳಿದರು. ಮತ್ತೆ ಝಂಯ್! ಬೀಗಿತ್ತಿ ಗಾಬರಿಯಾಗಿ, "ಅಯ್ಯೋ, ಹುಡುಗಿ ಒಲ್ಲೆ ಅಂದ್ಲಾ?" ಎಂದು ಗಂಡನನ್ನು ತಿವಿದಳು.

ಮಗಳು ಸೀರೆಯ ನೆರಿಗೆ ಎತ್ತಿ ಹಿಡಿದು ನೇರ ಡ್ರಮ್ಮಿನ ಬಳಿ ಬಂದಳು. ತಾನೇ ಪೆಡಲ್ ಮೇಲೆ ಕಾಲಿಟ್ಟು ಒತ್ತಿದಳು. ತಟ್ಟೆಗಳು ಬಾಯಿ ಮುಚ್ಚಿದವು. ಅವಳ ಕಣ್ಣಲ್ಲಿ ನೀರಿತ್ತು.

"ಅಪ್ಪಾ, ಹುಟ್ಟಿದಾಗಿಂದ ನಿಮ್ಮ ಸದ್ದೇ ಆಯ್ತು. ಈಗ ಒಂದು ಮಾತು ನಾನು ಹೇಳ್ಲಾ?"

ಅಲ್ಲಿಂದಲೇ "ಹೌದು, ಒಪ್ಪಿದ್ದೇನೆ" ಎಂದಳು. ಅಪ್ಪ ಕಡ್ಡಿ ಕೆಳಗಿಟ್ಟ. ಮಗಳ ದನಿ ಇಷ್ಟು ಚೆನ್ನಾಗಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ನಗುತ್ತಿದ್ದೀರಿ. ನಗಿ, ನಗಿ. ಹೆಂಡತಿ "ರೀ, ಒಂದು ವಿಷಯ" ಅನ್ನುವಷ್ಟರಲ್ಲಿ "ನಂಗೊತ್ತು ಬಿಡೇ" ಅನ್ನುವವರು ಯಾರಪ್ಪಾ? ಸೊಸೆ ಬಾಯಿ ತೆರೆಯುವ ಮೊದಲೇ ತೀರ್ಪು ಕೊಡುವ ಅತ್ತೆಯರು ಯಾರಮ್ಮಾ? ಕೈ ಎತ್ತಬೇಡಿ, ನನಗೆ ಗೊತ್ತು! ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯಲ್ಲಿ ಯಾರಾದರೂ ಮಾತು ಶುರುಮಾಡಿದರೆ, ಮುಗಿಯುವ ತನಕ ಬಾಯಲ್ಲಿ ತುತ್ತಿಟ್ಟುಕೊಂಡು ಕೇಳಿ. ಮುಗಿದ ಮೇಲೂ ಬುದ್ಧಿ ಹೇಳಬೇಡಿ. "ಇನ್ನೇನಾದ್ರೂ ಇದ್ರೆ ಹೇಳು" ಅನ್ನಿ. ಅಷ್ಟು ಮಾಡಿ ಸಾಕು.