ಛತ್ರಿ ಕಡ್ಡಿಗೆ ಕೇಳಿಸಿದ ಬಿಸಿಲು

ಅರಸೀಕೆರಿ ದಾಟಿದ ಮ್ಯಾಲೆ ಕ್ರಾಸಿನಾಗ ಕಡೇ ಬಸ್ಸು ಇಳಿಸಿ ಹೋದ್ರ ನಮ್ಮೂರಿಗೆ ನಡದೇ ಬರಬೇಕು. ದಾರ್ಯಾಗ ಆಲದಮರ. ಅದರ ಬುಡಕ್ಕ ಹಾಳುಬಾವಿ. ನಮ್ಮ ಚಿಕ್ಕಪ್ಪನ ಮಗ ಕ್ರಾಂತಿ ಆ ಚಳಿ ರಾತ್ರಿ ಅಲ್ಲೇ ಬರ್ತಿದ್ದ… ತಂಗಿ ಓಬಿ ಕೈ ಹಿಡಕೊಂಡು. ಓಬಿ ಅಂದ್ರ ಓಬಮ್ಮ. ಅಜ್ಜಿ ಹೆಸರು ಇಟ್ಟಾರ, ಓದೋದು ಇನ್ನೂ ಒಂದನೇ ಕ್ಲಾಸು.

ಮೊದಲೇ ಹೇಳ್ತೀನಿ, ಇದು ನನ್ನ ಕಿತಾಪತಿ ಅಲ್ಲ. ಹೋದ ಅಮಾಸಿಗೆ ಬಿಳಿ ಪಂಚಿ ಹೊದ್ದು ಹುಣಸಿಮರ ಹತ್ತಿದ್ದು ನಾನೇ. ಅದನ್ನ ನೋಡಿ ಪಕ್ಕದ ಮನಿ ಹುಲುಗಣ್ಣಗ ಹೆದರಿ ಜ್ವರ ಬಂದದ್ದೂ ನನ್ನಿಂದಲೇ. ಆದ್ರ ಈ ರಾತ್ರಿ ನಾನು ಹಂಪಸಾಗರದಾಗ ಅತ್ತಿ ಮನ್ಯಾಗ ಇದ್ದೆ. ಮಿರ್ಚಿ ತಿಂದು ಹೊಟ್ಟಿ ಕೆಟ್ಟು, ಚರಿಗಿ ಹಿಡಕೊಂಡು ಓಡಾಡ್ತಿದ್ದೆ. ಅತ್ತೀನ್ನ ಕೇಳ್ರಿ.

ಕ್ರಾಂತಿ ಕೈಚೀಲದಾಗ ಒಂದು ರೇಡಿಯೋ. ಅವನೇ ಮಾಡಿದ್ದು. ಹರಪನಹಳ್ಳಿ ವಿಜ್ಞಾನ ಪ್ರದರ್ಶನದಾಗ ತೋರಿಸಿ ವಾಪಸ್ ತರ್ತಿದ್ದ. ಹಳೇ ಛತ್ರಿಯ ಮೂರು ಕಡ್ಡಿ ಮೂರು ಕಡೆ ಚಾಚಿದ್ದ. ಹೋದ ವರ್ಷ ಸೂರ್ಯನ ಸುತ್ತ ತಿರುಗಾಕ ಜೋಡಿ ನೌಕಿ ಬಿಟ್ಟಾರಂತ, ಅವಕ್ಕೂ ಹಿಂಗೇ ಮೂರು ಉದ್ದನ ಕಡ್ಡಿ. ಸೂರ್ಯ ಸಿಡಿದಾಗ ಏಳೋ ರೇಡಿಯೋ ಅಲೆ ಹಿಡಿಯಾಕ. ಯಾವ ಕಡ್ಡಿಗೆ ಎಷ್ಟು ತಾಗ್ತು ನೋಡಿ, ಅಲೆ ಯಾವ ದಿಕ್ಕಿಂದ ಬಂತು ಅಂತ ಹೇಳ್ತಾರಂತ. ಹತ್ತನೇ ಕ್ಲಾಸು ಫೇಲಾದ ನನಗ ತಿಳಿದದ್ದು ಇಷ್ಟೇ. ಕ್ರಾಂತಿ ರೇಡಿಯೋನೂ ಸೂರ್ಯನ ಸದ್ದು ಹಿಡಿಯಾಕೇ. ರಾತ್ರಿ ಯಾಕ ಹಚ್ಚಂಗಿಲ್ಲ ಅಂತ ಒಮ್ಮೆ ಅವನ್ನ ಕೇಳಿದ್ದೆ.

"ರಾತ್ರಿ ಸೂರ್ಯ ಇರ್ತಾನೇನಲೇ ಕ್ವಾಣ" ಅಂದಿದ್ದ.

ಆಲದ ಹತ್ರ ಚಪ್ಪಲಿ ಬಾರು ಕಿತ್ತು ಹೋತು. ಬಗ್ಗಿ ಸಿಗಿಸಿಕೊಂಡ. ಎದ್ದು ಕೈ ಚಾಚಿದ…

ಓಬಿ ಇಲ್ಲ.

ಕರೆದ. ಮತ್ತ ಕರೆದ. ಬಾವ್ಯಾಗಿಂದ ಅವನ ದನಿಯೇ ತಿರುಗಿ ಬಂತು. ಆಮ್ಯಾಲೆ ಒಳಗ ಏನೋ… ಬುಳುಕ್.

ಕ್ರಾಂತಿಗೆ ಈಜು ಬರಂಗಿಲ್ಲ. ಅವ್ವ ದುರುಗಮ್ಮಗ ಏನಂತ ಮುಖ ತೋರಿಸ್ಬೇಕು? ಬಾವಿ ಕಟ್ಟಿ ಮ್ಯಾಲೆ ಒಂದು ಕಾಲು ಹಾಕೇ ಬಿಟ್ಟ.

"ಓಬಿ… ಅಲ್ಲೇ ಇರವ್ವ. ಬಂದೆ."

ಆವಾಗ ಚೀಲದಾಗ ಸದ್ದಾತು. ಸುಂಯ್‌ಯ್‌ಯ್… ಕಾದ ಹಂಚಿಗೆ ನೀರು ಚಿಮುಕಿಸಿದಂಗ ಶುರುವಾಗಿ, ಜಾರ್ತಾ ಜಾರ್ತಾ ಗೂಗಿ ದನಿಯಂಗ ದಪ್ಪಗಾಗಿ ನಿಲ್ಲೋದು. ಮತ್ತ ಮ್ಯಾಲಿಂದ… ಸುಂಯ್‌ಯ್. ಕೂಸಿನ ದನಿ ಕೇಳಬೇಕಲ್ಲ, ರೇಡಿಯೋ ಬಂದ್ ಮಾಡಾಕ ಹೋದ. ಮೊದಲೇ ಬಂದ್ ಇತ್ತು.

ಹೊರಗ ತಗದು ಒಂದು ಕಡ್ಡಿ ಬಾವಿ ಕಡೆ ಹಿಡಿದ. ಸದ್ದು ಸತ್ತಂಗಾತು. ಹಿಂದಕ್ಕ, ಜ್ವಾಳದ ಹೊಲದ ಕಡೆ ತಿರುಗಿಸಿದ… ಕಿವಿ ತೂತು ಬೀಳಂಗ ಬಂತು.

ಕಾಲು ಇನ್ನೂ ಕಟ್ಟಿ ಮ್ಯಾಲೇ ಐತಿ. ಕೂಸು ಒಳಗ ಮುಳುಗ್ತಿದ್ರ? ಛತ್ರಿ ಕಡ್ಡಿ ನಂಬಬೇಕೋ, ಬುಳುಕ್ ಅಂದದ್ದು ನಂಬಬೇಕೋ? ಅಳ್ತಾ ಅಳ್ತಾ ಕಾಲು ಇಳಿಸಿದ. ಜ್ವಾಳದಾಗ ನುಗ್ಗಿದ. ಗರಿ ಮುಖಕ್ಕ ಬಡೀತಿದ್ವು… ಸರ್, ಸರ್. ಎಲ್ಲಿ ಜೋರಾತೋ ಅಲ್ಲಿಗೆ ಓಡಿದ.

ಓಬಿ ಬದುವಿನ ಮ್ಯಾಲೆ ಕುಂತಿದ್ದಳು. ಸ್ವೆಟರ್ ತಗದು ತಲಿಗೆ ಹೊದ್ದಿದ್ದಳು, ಮಧ್ಯಾಹ್ನ ಕಳೆ ತೆಗೆಯೋ ಹೆಂಗಸರು ಸೆರಗು ಹೊದ್ದಂಗ. ಕಣ್ಣು ಕಿರಿದು ಮಾಡಿ ಅವನ್ನ ನೋಡಿ, ಪಿಸುಗುಟ್ಟಿದಳು.

"ಅಣ್ಣ… ಇಷ್ಟು ಬಿಸಿಲಾಗ ಯಾಕ ಬಂದಿ?"

ರೇಡಿಯೋ ಸುಮ್ಮನಾತು.

ಹೊತ್ತುಕೊಂಡು ಓಡಿ ಬಂದ. ಹಿಂದ ನೋಡಲಿಲ್ಲಂತ. ಮರುದಿನ ನಾನು ಊರಿಗೆ ಬಂದ್ರ ಹುಲುಗಣ್ಣ ಕೋಲು ಹಿಡಕೊಂಡು ಬಸ್ಸಿಗೇ ಕಾಯ್ತಿದ್ದ, ಇದೂ ನಿಂದೇ ಆಟ ಅಂತ. ಹೊಡೀಲಿ. ನನಗ ಪಂಚಿ ಹೊದಿಯಾಕ ಬರ್ತತಿ, ಗೂಗಿಯಂಗ ಕೂಗಾಕ ಬರ್ತತಿ. ಆದ್ರ ದುರುಗಮ್ಮ ಚಿಕ್ಕವ್ವ ಕೂಸಿನ ಮುಖಕ್ಕ ಕೊಬ್ಬರಿ ಎಣ್ಣಿ ಹಚ್ಚುವಾಗ ನಾನೂ ಅಲ್ಲೇ ಇದ್ದೆ. ಒಂದೇ ದಿಕ್ಕಿಂದ ಬಿಸಿಲು ಬಡಿದಂಗ ಎಡಗೆನ್ನಿ ಸುಲಿದಿತ್ತು.

ಎಡಗೆನ್ನಿ ಅಷ್ಟೇ.